ಗುಬ್ಬಿ ವೀರಣ್ಣನವರ ಮೂಕಿ ಚಿತ್ರ ಎಲ್ಲಿ ಹೋಯಿತು?

ತುಮಕೂರಿನಲ್ಲಿ ಗುಬ್ಬಿ ವೀರಣ್ಣನವರ ಹೆಸರಿನ ಕಲಾಕ್ಷೇತ್ರವಿದೆ. ನಾಟಕಕ್ಕೋ ಶಾಲೆಯ ಕಾರ್ಯಕ್ರಮಕ್ಕೋ ನೀವು ಅಲ್ಲಿಗೆ ಹೋಗಿರಬಹುದು. 1891ರಲ್ಲಿ ಹುಟ್ಟಿದ ವೀರಣ್ಣನವರು ಗುಬ್ಬಿ ನಾಟಕ ಕಂಪನಿಯನ್ನು ಊರೂರಿಗೆ ಕೊಂಡೊಯ್ದವರು. 'ಕುರುಕ್ಷೇತ್ರ' ನಾಟಕಕ್ಕೆ ರಂಗದ ಮೇಲೆ ನಿಜವಾದ ಆನೆ, ಕುದುರೆಗಳನ್ನೇ ತಂದವರು. 'ಸದಾರಮೆ'ಯ ಕಳ್ಳನಾಗಿ ಜನರನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿದವರು. ಇಷ್ಟು ನಿಮ್ಮ ಅಜ್ಜ ಅಜ್ಜಿಯರಿಗೂ ಗೊತ್ತಿರುತ್ತದೆ.

ಆದರೆ ಅವರು ಮೂಕಿ ಚಿತ್ರಗಳನ್ನೂ ತಯಾರಿಸಿದ್ದರು ಎಂಬುದು ನಿಮಗೆ ಗೊತ್ತೇ? ಮೂಕಿ ಚಿತ್ರ ಎಂದರೆ ಮಾತಿಲ್ಲದ ಸಿನಿಮಾ. 1930ರ ಆಸುಪಾಸಿನಲ್ಲಿ ಅವರ ಸಂಸ್ಥೆಯಿಂದ 'ಹರಿಮಾಯಾ', 'ಸಾಂಗ್ ಆಫ್ ಲೈಫ್', 'ಹಿಸ್ ಲವ್ ಅಫೇರ್' ಎಂಬ ಚಿತ್ರಗಳು ಬಂದವು. 'ಹಿಸ್ ಲವ್ ಅಫೇರ್' ಚಿತ್ರದಲ್ಲಿ ವೀರಣ್ಣನವರೂ ಬಿ. ಜಯಮ್ಮನವರೂ ನಟಿಸಿದ್ದರು. ಅದನ್ನು ನಿರ್ದೇಶಿಸಿದವರು ಬೆಲ್ಜಿಯಂ ದೇಶದವರು. ಇವುಗಳಲ್ಲಿ ಒಂದನ್ನೂ ನಾವು ಇಂದು ನೋಡುವಂತಿಲ್ಲ. ಹೆಸರು ಉಳಿದಿದೆ, ಚಿತ್ರ ಇಲ್ಲ.

ಹೋದರೆ ಹೋಗಲಿ ಎನ್ನುವಂತಿಲ್ಲ. ಮಾತಿಲ್ಲದ ಚಿತ್ರದಲ್ಲಿ ನಟನು ಕಣ್ಣು, ಕೈ, ನಡಿಗೆಗಳಿಂದಲೇ ಕಥೆ ಹೇಳಬೇಕು. ನಲವತ್ತು ವರ್ಷದ ವೀರಣ್ಣನವರು ಹೇಗೆ ನಡೆಯುತ್ತಿದ್ದರು, ಹೇಗೆ ಹುಬ್ಬು ಹಾರಿಸುತ್ತಿದ್ದರು ಎಂಬುದನ್ನು ಆ ಸುರುಳಿ ತೋರಿಸಬಹುದಿತ್ತು. ಫೋಟೋದಿಂದ ಅದು ತಿಳಿಯುವುದಿಲ್ಲ.

ಹಾಗಾದರೆ ಚಿತ್ರ ಹೇಗೆ ಕಾಣೆಯಾಯಿತು? ಉತ್ತರ ಬೇಕಾದರೆ ಆ ಕಾಲದ ಫಿಲ್ಮ್ ಯಾವುದರಿಂದ ತಯಾರಾಗುತ್ತಿತ್ತು ಎಂದು ನೋಡಬೇಕು. ನಮ್ಮ ಬಟ್ಟೆಯ ಹತ್ತಿ ಇದೆಯಲ್ಲ, ಅದರಲ್ಲಿರುವುದು ಸೆಲ್ಯುಲೋಸ್. ಅದನ್ನು ನೈಟ್ರಿಕ್ ಆಮ್ಲ ಮತ್ತು ಗಂಧಕಾಮ್ಲಗಳ ಮಿಶ್ರಣದಲ್ಲಿ ಅದ್ದಿದರೆ ಸೆಲ್ಯುಲೋಸ್ ನೈಟ್ರೇಟ್ ಸಿಗುತ್ತದೆ. ಅದು ಬಿರುಸಾಗಿ ಮುರಿಯಬಾರದಲ್ಲವೇ? ಅದಕ್ಕೆ ಕರ್ಪೂರ ಬೆರೆಸುತ್ತಿದ್ದರು. ಹೌದು, ಮಂಗಳಾರತಿಗೆ ಹಚ್ಚುವ ಕರ್ಪೂರವೇ! ಆಗ ಗಾಜಿನಂತೆ ಪಾರದರ್ಶಕವಾದ, ಬಳುಕುವ ಪಟ್ಟಿ ದೊರೆಯುತ್ತಿತ್ತು. ಅದರ ಮೇಲೆ ಜಿಲೆಟಿನ್‌ನ ತೆಳು ಲೇಪ. ಆ ಲೇಪದೊಳಗಿನ ಬೆಳ್ಳಿಯ ಸಣ್ಣ ಕಣಗಳೇ ಪರದೆಯ ಮೇಲೆ ಕಪ್ಪಾಗಿ ಕಾಣುತ್ತಿದ್ದವು. ಕಪ್ಪು ಬಿಳುಪು ಚಿತ್ರದಲ್ಲಿ ನಾಯಕನ ಮೀಸೆ ಎಂದರೆ ನಿಜಕ್ಕೂ ಬೆಳ್ಳಿ!

ಈಗ ಒಂದು ಲೆಕ್ಕ ಮಾಡಿ. ಈ ಪಟ್ಟಿಯ ಒಂದು ಅಡಿಯಲ್ಲಿ 16 ಚಿತ್ರಗಳಿರುತ್ತವೆ. ಒಂದು ಸುರುಳಿ 1,000 ಅಡಿ ಉದ್ದವಿದ್ದು, ಸೆಕೆಂಡಿಗೆ 16 ಚಿತ್ರಗಳಂತೆ ಓಡಿಸಿದರೆ ಅದು ಎಷ್ಟು ನಿಮಿಷ ಓಡುತ್ತದೆ? ಹದಿನೇಳು ನಿಮಿಷವೂ ತುಂಬುವುದಿಲ್ಲ. ಆದ್ದರಿಂದ ಒಂದು ಸಿನಿಮಾಕ್ಕೆ ಹಲವು ಸುರುಳಿಗಳು, ಹಲವು ತಗಡಿನ ಡಬ್ಬಿಗಳು ಬೇಕಾಗುತ್ತಿದ್ದವು.

ಆ ಡಬ್ಬಿಗಳಲ್ಲೇ ತೊಂದರೆ ಶುರು. ಸೆಲ್ಯುಲೋಸ್ ನೈಟ್ರೇಟ್ ತಾನಾಗಿಯೇ ನಿಧಾನವಾಗಿ ಒಡೆಯುತ್ತಾ ನೈಟ್ರೋಜನ್ನಿನ ಆಕ್ಸೈಡ್ ಅನಿಲಗಳನ್ನು ಬಿಡುತ್ತದೆ. ಗಾಳಿಯ ತೇವದೊಡನೆ ಸೇರಿ ಅವು ನೈಟ್ರಿಕ್ ಆಮ್ಲವಾಗುತ್ತವೆ. ಆ ಆಮ್ಲ ಫಿಲ್ಮನ್ನು ಇನ್ನಷ್ಟು ಬೇಗ ಒಡೆಯುತ್ತದೆ. ಆಗ ಇನ್ನಷ್ಟು ಅನಿಲ, ಇನ್ನಷ್ಟು ಆಮ್ಲ! ಮೊದಲು ಚಿತ್ರ ಮಸುಕಾಗುತ್ತದೆ. ಆಮೇಲೆ ಸುರುಳಿ ಬೆಲ್ಲದ ಪಾಕದಂತೆ ಅಂಟುತ್ತದೆ. ಕೊನೆಗೆ ಡಬ್ಬಿಯಲ್ಲಿ ಉಳಿಯುವುದು ಕಂದು ಬಣ್ಣದ ಪುಡಿ. ಸೆಕೆ ಹೆಚ್ಚಿದಷ್ಟೂ ಇದು ಬೇಗ ನಡೆಯುತ್ತದೆ. ಬೇಸಿಗೆಯಲ್ಲಿ ದೋಸೆ ಹಿಟ್ಟು ಬೇಗ ಹುಳಿಯಾಗುವುದನ್ನು ನೋಡಿಲ್ಲವೇ? ಏಪ್ರಿಲ್ ತಿಂಗಳಲ್ಲಿ ಗುಬ್ಬಿ, ಕುಣಿಗಲ್ ಕಡೆಯ ಶೀಟು ಹೊದಿಸಿದ ಕೋಣೆಯೊಂದನ್ನು ನೆನೆಸಿಕೊಳ್ಳಿ. ಇಂಥ ಫಿಲ್ಮಿಗೆ ಅದಕ್ಕಿಂತ ಕೆಟ್ಟ ಜಾಗ ಬೇರೆ ಬೇಕಿಲ್ಲ.

ಬೆಂಕಿಯ ಭಯವೂ ಇತ್ತು. ಉರಿಯಲು ಬೇಕಾದ ಆಕ್ಸಿಜನ್ ಈ ಫಿಲ್ಮಿನ ಅಣುವಿನೊಳಗೇ ಇದೆ. ಆದ್ದರಿಂದ ಒಮ್ಮೆ ಹೊತ್ತಿಕೊಂಡರೆ ನೀರಿನಲ್ಲಿ ಮುಳುಗಿಸಿದರೂ ಉರಿಯುತ್ತದೆ. 2003ರ ಜನವರಿಯಲ್ಲಿ ಪುಣೆಯಲ್ಲಿ ಇಂಥ ಹಳೆಯ ಸುರುಳಿಗಳ ಉಗ್ರಾಣಕ್ಕೆ ಬೆಂಕಿ ಬಿದ್ದು ಅಪರೂಪದ ಚಿತ್ರಗಳು ಹೋದವು.

ಆಮ್ಲ, ಬೆಂಕಿಗಳ ಜೊತೆಗೆ ಮನುಷ್ಯನೂ ಸೇರಿದ. 1931ರಲ್ಲಿ 'ಆಲಂ ಆರಾ', 1934ರಲ್ಲಿ ಕನ್ನಡದ 'ಸತಿ ಸುಲೋಚನ' ಬಂದು ಸಿನಿಮಾಕ್ಕೆ ಮಾತು ಬಂತು. ಮೂಕಿ ಚಿತ್ರ ಯಾರಿಗೂ ಬೇಡವಾಯಿತು. ಬೆಳ್ಳಿ ತೆಗೆಯಲು ಸುರುಳಿಗಳನ್ನು ತೊಳೆದರು. ಭಾರತದಲ್ಲಿ ತಯಾರಾದ ಸುಮಾರು 1,300 ಮೂಕಿ ಚಿತ್ರಗಳಲ್ಲಿ, ತುಣುಕುಗಳನ್ನು ಸೇರಿಸಿದರೂ, ಉಳಿದಿರುವುದು ಬಹಳ ಕಡಿಮೆ. 'ಸತಿ ಸುಲೋಚನ'ವೂ ಉಳಿಯಲಿಲ್ಲ.

ಉಳಿದವುಗಳ ಕಥೆ ವಿಚಿತ್ರವಾಗಿದೆ. ಸಿ.ವಿ. ರಾಮನ್ ಪಿಳ್ಳೆಯವರ ಸಾಹಸಮಯ ಮಲಯಾಳಂ ಕಾದಂಬರಿ 'ಮಾರ್ತಾಂಡ ವರ್ಮ' 1933ರಲ್ಲಿ ಮೂಕಿ ಚಿತ್ರವಾಯಿತು. ಪುಸ್ತಕದ ಪ್ರಕಾಶಕರು ಹಕ್ಕು ತಮ್ಮದೆಂದು ನ್ಯಾಯಾಲಯಕ್ಕೆ ಹೋದರು. ಪ್ರದರ್ಶನ ನಿಂತಿತು, ಸುರುಳಿ ಪ್ರಕಾಶಕರ ಬಳಿ ಸೇರಿತು. ಚಿತ್ರ ಮಾಡಿದವರಿಗೆ ನಷ್ಟವಾಯಿತು ನಿಜ. ಆದರೆ ಮೂಲೆ ಸೇರಿದ್ದರಿಂದಲೇ ಅದು ಉಳಿದು, ದಶಕಗಳ ನಂತರ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಸೇರಿತು. ಇನ್ನು ಕೆನಡಾದ ಡಾಸನ್ ಎಂಬ ಊರಿನಲ್ಲಿ ಬೇಡದ ಸುರುಳಿಗಳನ್ನು ಈಜುಕೊಳದ ಗುಂಡಿ ತುಂಬಲು ಹೂತಿದ್ದರು. 1978ರಲ್ಲಿ ನೆಲ ಅಗೆದಾಗ 500ಕ್ಕೂ ಹೆಚ್ಚು ಸುರುಳಿಗಳು ಸಿಕ್ಕವು. ಅಲ್ಲಿನ ನೆಲ ಸದಾ ಹೆಪ್ಪುಗಟ್ಟಿರುತ್ತದೆ. ಆ ಚಳಿಯೇ ಆಮ್ಲದ ಕೆಲಸವನ್ನು ನಿಧಾನಗೊಳಿಸಿತ್ತು. ಸಂಗ್ರಹಾಲಯಗಳು ಫಿಲ್ಮನ್ನು ತಂಪಾದ, ಒಣ ಕೋಣೆಗಳಲ್ಲಿ ಇಡುವುದೂ ಇದಕ್ಕಾಗಿಯೇ.

ನೈಟ್ರೇಟ್ ಫಿಲ್ಮಿನ ತಯಾರಿಕೆ 1950ರ ದಶಕದ ಆರಂಭದಲ್ಲಿ ನಿಂತಿತು. ಆದರೂ ಹಳೆಯ ಅಟ್ಟದಲ್ಲೋ ಮುಚ್ಚಿದ ಟಾಕೀಸಿನಲ್ಲೋ ತುಕ್ಕು ಹಿಡಿದ ದುಂಡನೆಯ ತಗಡಿನ ಡಬ್ಬಿ ನಿಮ್ಮ ಕಣ್ಣಿಗೆ ಬೀಳಬಹುದು. ಅದನ್ನು ನೀವೇ ತೆರೆಯಬೇಡಿ, ಬಿಸಿಲಿಗೆ ಇಡಬೇಡಿ, ಹತ್ತಿರ ದೀಪ, ಕಡ್ಡಿಪೆಟ್ಟಿಗೆ ತರಲೇಬೇಡಿ. ಗುಜರಿಯವರಿಗೂ ಕೊಡಬೇಡಿ. ಮನೆಯ ಹಿರಿಯರಿಗೆ, ನಿಮ್ಮ ಮೇಷ್ಟ್ರಿಗೆ ತಿಳಿಸಿ, ಪುಣೆಯ ಸಂಗ್ರಹಾಲಯಕ್ಕೆ ಪತ್ರ ಬರೆಯಲು ಹೇಳಿ. ಅದು ಯಾವ ಬಗೆಯ ಫಿಲ್ಮ್ ಎಂದು ತಿಳಿಯಲು ತಜ್ಞರು ಮೊದಲು ಪಟ್ಟಿಯ ಅಂಚನ್ನು ನೋಡುತ್ತಾರೆ. ಎಷ್ಟೋ ಸಲ ಅಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ 'ನೈಟ್ರೇಟ್' ಎಂದೋ 'ಸೇಫ್ಟಿ' ಎಂದೋ ಅಚ್ಚಾಗಿರುತ್ತದೆ.