ಆಪತ್ತಿಗೆ ಮೊದಲೇ ಆಗಬೇಕಾದ ತಪಾಸಣೆ

ದೊಡ್ಡಬಳ್ಳಾಪುರ ಸಮೀಪದ ಬಾಶೆಟ್ಟಿಹಳ್ಳಿ ಕಾರ್ಖಾನೆಗಳ ಊರು. ರಾತ್ರಿಪಾಳಿಯ ಕಾರ್ಮಿಕನಿಗೆ ಎದೆನೋವು ಬಂದರೆ, ಬೆಂಗಳೂರಿನ ದೊಡ್ಡಾಸ್ಪತ್ರೆ ಮುಟ್ಟುವ ಮೊದಲು ಸಿಗುವುದು ಹತ್ತಿರದ ನರ್ಸಿಂಗ್ ಹೋಮ್. ಅಲ್ಲಿ ತುರ್ತು ಉಪಕರಣಗಳಿದ್ದರೆ ಸಾಲದು, ಆ ಗಳಿಗೆಯಲ್ಲಿ ಅವು ಕೆಲಸ ಮಾಡಬೇಕು. ದಿನವೂ ಬಳಸುವ ಬಿಪಿ ಯಂತ್ರ ಕೆಟ್ಟರೆ ಅಂದೇ ಗೊತ್ತಾಗುತ್ತದೆ. ತಿಂಗಳುಗಟ್ಟಲೆ ಮೂಲೆಯಲ್ಲಿ ನಿಂತ, ಹೃದಯಕ್ಕೆ ಶಾಕ್ ಕೊಡುವ ಡಿಫಿಬ್ರಿಲೇಟರ್‌ನ ಬ್ಯಾಟರಿ ಸತ್ತಿದ್ದರೆ ಅದು ತಿಳಿಯುವುದು ರೋಗಿ ಬಂದ ಮೇಲೆ.

ರಾಷ್ಟ್ರೀಯ ಆರೋಗ್ಯ ಅಭಿಯಾನವು ಸುಮಾರು 29 ಸಾವಿರ ಸರ್ಕಾರಿ ಆರೋಗ್ಯ ಸಂಸ್ಥೆಗಳ ಏಳೂವರೆ ಲಕ್ಷ ಉಪಕರಣಗಳನ್ನು ಲೆಕ್ಕ ಹಾಕಿದಾಗ, ವಿವಿಧ ರಾಜ್ಯಗಳಲ್ಲಿ ಶೇ 13ರಿಂದ 34ರಷ್ಟು ಕೆಟ್ಟಿದ್ದವು. 2015ರ ನಿರ್ವಹಣಾ ಕಾರ್ಯಕ್ರಮವು ಜಿಲ್ಲಾ ಆಸ್ಪತ್ರೆಗಳಿಗೆ ಶೇ 95ರಷ್ಟು ಸುಸ್ಥಿತಿಯ ಗುರಿ ಕೊಟ್ಟಿತು. ಖಾಸಗಿ ನರ್ಸಿಂಗ್ ಹೋಮ್‌ಗಳು ಈ ವ್ಯವಸ್ಥೆಯ ಹೊರಗಿವೆ. ಎಎಂಸಿ (ವಾರ್ಷಿಕ ನಿರ್ವಹಣಾ ಒಪ್ಪಂದ), ರಿಪೇರಿ ಎಲ್ಲವೂ ಅವುಗಳದೇ ಹೊಣೆ.

ಬಳ್ಳಾರಿಯ ಸರ್ಕಾರಿ ಆಸ್ಪತ್ರೆ ವಿಮ್ಸ್‌ನಲ್ಲಿ 2022ರ ಸೆಪ್ಟೆಂಬರ್‌ನಲ್ಲಿ ವಿದ್ಯುತ್ ಕೈಕೊಟ್ಟ ದಿನ ಐಸಿಯು ರೋಗಿಗಳು ಮೃತಪಟ್ಟಾಗ ಸರ್ಕಾರ ತನಿಖೆ ನಡೆಸಬೇಕಾಯಿತು. ಕರೆಂಟೇ ಬೇಡದ, ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್ ಪ್ರತಿ ವೆಂಟಿಲೇಟರ್ ಪಕ್ಕದಲ್ಲೂ ಇರಬೇಕಾದದ್ದು ಇಂಥ ಹೊತ್ತಿಗಾಗಿಯೇ.

ತಪಾಸಣೆಗೆ ಇಂಜಿನಿಯರೇ ಬರಬೇಕಿಲ್ಲ. ಆಂಬು ಬ್ಯಾಗ್‌ನ ಬಾಯಿಗೆ ಅಂಗೈ ಒತ್ತಿ ಹಿಂಡಿದಾಗ ಗಾಳಿ ಸೋರಬಾರದು. ಸಕ್ಷನ್ ಯಂತ್ರದ ಕೊಳವೆಯನ್ನು ಹೆಬ್ಬೆರಳಿನಿಂದ ಮುಚ್ಚಿದರೆ ಗೇಜಿನ ಮುಳ್ಳು ಏರಬೇಕು. ಗಂಟಲೊಳಗೆ ನೋಡುವ ಲ್ಯಾರಿಂಗೋಸ್ಕೋಪ್‌ನ ಬ್ಲೇಡ್ ಬಿಡಿಸಿದೊಡನೆ ಬೆಳಕು ಹೊತ್ತಬೇಕು. ಬಿ-ಟೈಪ್ ಆಮ್ಲಜನಕ ಸಿಲಿಂಡರ್ ತುಂಬಿದ್ದರೆ ಸುಮಾರು 1,500 ಲೀಟರ್. ನಿಮಿಷಕ್ಕೆ 10 ಲೀಟರ್‌ನಂತೆ ಎರಡೂವರೆ ಗಂಟೆ ಬರುತ್ತದೆ. ಗೇಜು ಅರ್ಧಕ್ಕಿಳಿದಿದ್ದರೆ ಉಳಿದದ್ದು ಒಂದೂಕಾಲು ಗಂಟೆ. ಸಿಲಿಂಡರ್ ತೆರೆಯುವ ಕೀ ಅದಕ್ಕೇ ಕಟ್ಟಿರಬೇಕು.

ಡಿಫಿಬ್ರಿಲೇಟರ್ ಸದಾ ಚಾರ್ಜಿನಲ್ಲಿರಬೇಕು, ಪ್ಯಾಡ್‌ಗಳ ಅವಧಿ ಮುಗಿದಿರಬಾರದು. ಹೃದಯಸ್ತಂಭನವಾದಾಗ ಸಿಪಿಆರ್ ಕೂಡ ಇಲ್ಲದೆ ಶಾಕ್ ತಡವಾದ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಕುಸಿಯುತ್ತದೆ. ಪ್ಲಗ್ ಹುಡುಕುತ್ತಾ ಕಳೆದ ಪ್ರತಿ ನಿಮಿಷಕ್ಕೂ ತೆರುವ ಬೆಲೆ ಅದು.

ಆದ್ದರಿಂದ ಪಾಳಿ ಬದಲಾಗುವಾಗ ಈ ಪರೀಕ್ಷೆ ನಡೆದು, ನೋಡಿದವರ ಸಹಿ ರಿಜಿಸ್ಟರಿನಲ್ಲಿ ಬೀಳಬೇಕು. ದೋಷ ಕಂಡರೆ ‘ಬಳಸಬೇಡಿ’ ಚೀಟಿ ಅಂಟಿಸಿ ಬದಲಿ ಉಪಕರಣ ತರಿಸಬೇಕು. ಮಾಲೀಕರ ಅನುಮತಿಗೆ ಕಾಯದೆ ಸರ್ವಿಸ್‌ನವರಿಗೆ ಫೋನ್ ಮಾಡುವ ಅಧಿಕಾರವನ್ನು ಡ್ಯೂಟಿ ನರ್ಸ್‌ಗೇ ಕೊಡಬೇಕು.