ಕರಗಿದ ಉಪ್ಪು ಎಲ್ಲಿಗೆ ಹೋಗುತ್ತದೆ? ತಿಳಿಯಾದ ನೀರೆಲ್ಲ ಶುದ್ಧವೇ?

ನೀರಿಗೆ ಹಾಕಿದ ಸಕ್ಕರೆ ಎಲ್ಲಿ ಹೋಯ್ತು ಎಂದು ಚಿಕ್ಕ ಮಕ್ಕಳನ್ನು ಕೇಳಿ ನೋಡಿ. ‘ಮಾಯವಾಯ್ತು’ ಎನ್ನುತ್ತಾರೆ, ಇಲ್ಲವೇ ‘ನೀರಾಗಿಬಿಡ್ತು’ ಎನ್ನುತ್ತಾರೆ. ಎರಡೂ ಸರಿಯಲ್ಲ. ಈ ಗೊಂದಲಕ್ಕೆ ನಮ್ಮ ಮಾತೂ ಒಂದು ಕಾರಣ. ಬೆಣ್ಣೆಯೂ ‘ಕರಗುತ್ತದೆ’, ಪಾನಕದ ಸಕ್ಕರೆಯೂ ‘ಕರಗುತ್ತದೆ’. ಆದರೆ ಬೆಣ್ಣೆ ಕರಗುವುದು ಬಿಸಿಗೆ, ಪಾನಕದ ಸಕ್ಕರೆ ಕರಗುವುದು ನೀರಿಗೆ.

ನಿಜವಾಗಿ ಆಗುವುದೇನು?

ಸಕ್ಕರೆಯ ಒಂದು ಹರಳಿನಲ್ಲಿ ಲೆಕ್ಕವಿಲ್ಲದಷ್ಟು ಅಣುಗಳು ಒತ್ತಾಗಿ ಜೋಡಿಸಿಕೊಂಡಿರುತ್ತವೆ. ನೀರಿನ ಅಣುಗಳು ಅವನ್ನು ಒಂದೊಂದಾಗಿ ಬಿಡಿಸಿ ನೀರಿನ ತುಂಬ ಹರಡುತ್ತವೆ. ಬಿಡಿಯಾದ ಕಣ ತೀರಾ ಚಿಕ್ಕದು, ಹಾಗಾಗಿ ಕಣ್ಣಿಗೆ ಕಾಣುವುದಿಲ್ಲ. ಮರಳಿನ ಕಣಗಳನ್ನು ನೀರು ಹೀಗೆ ಬಿಡಿಸಲಾರದು. ಅದಕ್ಕೇ ಮರಳು ತಳಕ್ಕೆ ಕೂರುತ್ತದೆ. ಬಿಸಿನೀರಿನಲ್ಲಿ ಅಣುಗಳ ಓಡಾಟ ಹೆಚ್ಚು, ಆದ್ದರಿಂದ ಸಕ್ಕರೆ ಬೇಗ ಕರಗುತ್ತದೆ.

ಮಕ್ಕಳಿಗೆ ತೋರಿಸುವುದು ಹೇಗೆ?

1. ತೂಗಿ: 100 ಗ್ರಾಂ ನೀರಿಗೆ 10 ಗ್ರಾಂ ಅಡುಗೆ ಉಪ್ಪು ಹಾಕಿ ಕಲಕಿ. ಉಪ್ಪು ಕಾಣದಿದ್ದರೂ ತೂಕ 110 ಗ್ರಾಂ ಇರುತ್ತದೆ.

2. ಸೋಸಿ: ಆ ನೀರನ್ನು ಬಟ್ಟೆಯಲ್ಲಿ ಸೋಸಿ, ಒಂದು ಹನಿ ರುಚಿ ನೋಡಲು ಹೇಳಿ. ಇನ್ನೂ ಉಪ್ಪುಪ್ಪಾಗಿಯೇ ಇರುತ್ತದೆ. (ಅಡುಗೆ ಉಪ್ಪು, ಸಕ್ಕರೆ ಬಿಟ್ಟು ಬೇರೇನನ್ನೂ ಮಕ್ಕಳು ರುಚಿ ನೋಡಬಾರದು.)

3. ಒಣಗಿಸಿ: ಉಳಿದ ನೀರನ್ನು ತಟ್ಟೆಯಲ್ಲಿ ಬಿಸಿಲಿಗಿಡಿ. ನೀರು ಆರಿದ ಮೇಲೆ ಉಪ್ಪು ಬಿಳಿಯಾಗಿ ಉಳಿಯುತ್ತದೆ.

4. ಹಾಕುತ್ತಾ ಹೋಗಿ: 100 ಗ್ರಾಂ ನೀರಿನಲ್ಲಿ ಸುಮಾರು 36 ಗ್ರಾಂ ಉಪ್ಪು ಮಾತ್ರ ಕರಗುತ್ತದೆ. ಅದಕ್ಕಿಂತ ಹೆಚ್ಚು ಹಾಕಿದ್ದು ತಳದಲ್ಲೇ ಉಳಿಯುತ್ತದೆ.

ದೊಡ್ಡವರಿಗೆ ಇದರಿಂದೇನು?

‘ನೀರು ತಿಳಿಯಾಗಿದೆ, ಸೋಸಿ ಕುದಿಸಿದರೆ ಸಾಕು’ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಇದು ಅರ್ಧ ಸತ್ಯ. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಸೋಸಿದರೆ ಕಸ ಹೋಗುತ್ತದೆ. ಆದರೆ ನೀರಿನಲ್ಲಿ ಕರಗಿದ ಫ್ಲೋರೈಡ್ ಎರಡಕ್ಕೂ ಜಗ್ಗುವುದಿಲ್ಲ. ಕುದಿಸಿದಾಗ ನೀರು ಆವಿಯಾಗಿ ಕಡಿಮೆಯಾಗುತ್ತದೆ, ಫ್ಲೋರೈಡ್ ಅಷ್ಟೇ ಇರುತ್ತದೆ. ಅಂದರೆ ಅದರ ಪ್ರಮಾಣ ತುಸು ಹೆಚ್ಚೇ ಆಗುತ್ತದೆ.

ತುಮಕೂರು ಜಿಲ್ಲೆಯ ಪಾವಗಡದಂಥ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ದೊಡ್ಡ ಸಮಸ್ಯೆ. ಭಾರತೀಯ ಮಾನದಂಡದಂತೆ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರು ಸಿಗದ ಕಡೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ಮಿತಿ ಮೀರಿದ ನೀರನ್ನು ಚಿಕ್ಕಂದಿನಿಂದ ಕುಡಿದ ಮಕ್ಕಳ ಹಲ್ಲಿನ ಮೇಲೆ ಬಿಳಿ, ಕಂದು ಕಲೆಗಳು ಉಳಿದುಬಿಡುತ್ತವೆ. ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲುಗಳಿಗೂ ತೊಂದರೆ.

ಹಾಗಾದರೆ ಏನು ಮಾಡಬೇಕು? ಫ್ಲೋರೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ನೋಡಿ ಹೇಳಲಾಗದು, ಪರೀಕ್ಷೆಯೇ ಆಗಬೇಕು. ನೀರಿನ ಪರೀಕ್ಷೆಯ ಬಗ್ಗೆ ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ಫ್ಲೋರೈಡ್ ಹೆಚ್ಚಿದ್ದರೆ, ಕುಡಿಯಲು ಮತ್ತು ಅಡುಗೆಗೆ ಸರಿಯಾಗಿ ನಿರ್ವಹಿಸುತ್ತಿರುವ ಆರ್‌ಒ ಘಟಕದ ನೀರನ್ನೋ ಪರೀಕ್ಷಿಸಿದ ಮಳೆನೀರನ್ನೋ ಬಳಸಿ.

ಇನ್ನು ಮುಂದೆ ‘ತಿಳಿನೀರೇ ಶುದ್ಧ ನೀರು’ ಎಂಬ ಸಂದೇಶ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಉಪ್ಪಿನ ತಟ್ಟೆಯನ್ನು ಒಮ್ಮೆ ಬಿಸಿಲಿಗಿಟ್ಟು ನೋಡಿ.