ಹಳೆಯ ಹಾಡಿಗೆ ಐದನೇ ತಂತಿ: ಸೆಕೆಂಡ್‌ಹ್ಯಾಂಡ್ ಬೇಸ್ ಗಿಟಾರ್ ಕೊಳ್ಳುವ ಮುನ್ನ

ಮುಂಬಯಿ: ಸಂಘಗಳ ವಾರ್ಷಿಕೋತ್ಸವವಿರಲಿ, ಅರಸಿನ ಕುಂಕುಮವಿರಲಿ, ಕೊನೆಯಲ್ಲಿ ಹಳೆಯ ಚಿತ್ರಗೀತೆಗಳ ರಸಮಂಜರಿ ಇದ್ದರೆ ಸಭಾಗೃಹ ಬೇಗ ಖಾಲಿಯಾಗದು. ರಾಜನ್-ನಾಗೇಂದ್ರ, ಜಿ.ಕೆ. ವೆಂಕಟೇಶ್, ಆರ್.ಡಿ. ಬರ್ಮನ್ ಅವರ ಹಾಡುಗಳಿಗೆ ಇಂದಿಗೂ ಬೇಡಿಕೆಯಿದೆ. ಹಾಡುವವರು ಬಹುಪಾಲು ಸಂಘದ ಸದಸ್ಯರೇ. ಆದರೆ ಮೂಲ ಗಾಯಕರ ಶ್ರುತಿ ಎಲ್ಲರಿಗೂ ಎಟಕುವುದಿಲ್ಲ. ‘ಸ್ವಲ್ಪ ಕೆಳಗಿಳಿಸಿ’ ಎಂಬ ಕೋರಿಕೆ ರಿಹರ್ಸಲ್‌ನಲ್ಲಿ ಬಂದೇ ಬರುತ್ತದೆ. ಕೀಬೋರ್ಡ್ ವಾದಕರು ಒಂದು ಬಟನ್ ಒತ್ತಿ ನಿಶ್ಚಿಂತರಾಗುತ್ತಾರೆ. ಪೇಚಿಗೆ ಸಿಲುಕುವವರು ಬೇಸ್ ಗಿಟಾರ್ ನುಡಿಸುವವರು.

ನಾಲ್ಕು ತಂತಿಯ ಬೇಸ್‌ನಲ್ಲಿ ಅತಿ ಕೆಳಗಿನ ಸ್ವರ ‘ಇ’. ಆ ಶ್ರುತಿಯ ಹಾಡನ್ನು ‘ಡಿ’ಗೆ ಇಳಿಸಿದರೆ ಷಡ್ಜವೇ ಕೈಗೆ ಸಿಗದೆ ಒಂದು ಸ್ಥಾಯಿ ಮೇಲಕ್ಕೆ ಹಾರಬೇಕಾಗುತ್ತದೆ. ತುಂಬಿ ಬರಬೇಕಾದ ಜಾಗದಲ್ಲಿ ಹಾಡು ಬಡಕಲಾಗುತ್ತದೆ. ಐದು ತಂತಿಯ ವಾದ್ಯದಲ್ಲಿ ಕೆಳಗಿನ ‘ಬಿ’ ತಂತಿಯ ಮೂರನೇ ಫ್ರೆಟ್‌ನಲ್ಲೇ ಆ ‘ಡಿ’ ಇದೆ. ಐದನೇ ತಂತಿಯ ಉಪಯೋಗ ಇಷ್ಟೇ. ಗುಡುಗಿನಂತೆ ಗದ್ದಲ ಮಾಡಲು ಅಲ್ಲ.

ಲಿಯೋ ಫೆಂಡರ್ ಅವರ ಪ್ರಿಸಿಷನ್ ಬೇಸ್ 1951ರಲ್ಲಿ, ಜಾಝ್ ಬೇಸ್ 1960ರಲ್ಲಿ ಬಂದವು. ಎರಡೂ ನಾಲ್ಕು ತಂತಿಯವು. 1965ರಲ್ಲಿ ಫೆಂಡರ್ ತಂದ ಐದು ತಂತಿಯ ಬೇಸ್‌ನಲ್ಲೂ ಹೆಚ್ಚುವರಿ ತಂತಿ ಮೇಲಿನ ‘ಸಿ’ ಆಗಿತ್ತೇ ಹೊರತು ಕೆಳಗಿನ ‘ಬಿ’ ಅಲ್ಲ. ಹಾಗಾಗಿ ಹಳೆಯ ಹಾಡು ನುಡಿಸುವವರು ಈ ತಂತಿಯನ್ನು ಅಗತ್ಯವಿದ್ದಷ್ಟೇ ಮುಟ್ಟುವುದು ಲೇಸು.

ಹಳೆಯ ನಾದಕ್ಕೆ ಹಳೆಯ, ದುಬಾರಿ ವಾದ್ಯವೇ ಬೇಕೆಂಬುದು ತಪ್ಪು ಕಲ್ಪನೆ. ಮೈ ನಯವಾದ ಫ್ಲ್ಯಾಟ್‌ವೂಂಡ್ ತಂತಿ, ಬ್ರಿಜ್ ಬಳಿ ತಂತಿಯಡಿ ಒತ್ತಿಟ್ಟ ಸ್ಪಂಜಿನ ತುಂಡು, ತಗ್ಗಿಸಿದ ಟೋನ್ ನಾಬ್ ಮತ್ತು ಬೆರಳಿನ ಮೃದುವಾದ ಮೀಟು ಸೇರಿದರೆ ಸಾಧಾರಣ ವಾದ್ಯವೂ ಆ ಕಾಲದ ‘ಧಬ್’ ಎಂಬ ನಾದ ಕೊಡುತ್ತದೆ. ಸ್ಕ್ವಾಯರ್‌ನ ಐದು ತಂತಿಯ ಜಾಝ್ ಬೇಸ್‌ನಂತಹ ಪ್ಯಾಸಿವ್ ವಾದ್ಯ ಇದಕ್ಕೆ ಒಗ್ಗುತ್ತದೆ. ಇಬನೆಜ್, ಯಮಾಹಾ ಕಂಪೆನಿಗಳವೂ ಕೈಗೆಟಕುತ್ತವೆ. ಆದರೆ 9 ವೋಲ್ಟ್ ಬ್ಯಾಟರಿ ಬೇಡುವ ಆ್ಯಕ್ಟಿವ್ ಮಾದರಿಯಾದರೆ, ನಡು ಕಾರ್ಯಕ್ರಮದಲ್ಲಿ ಬ್ಯಾಟರಿ ಕೈಕೊಟ್ಟಾಗ ಅಧ್ಯಕ್ಷರ ಮುಖ ನೋಡಬೇಕಾದವರು ಯಾರೆಂದು ಹೇಳಬೇಕಾಗಿಲ್ಲ.

ಸದಸ್ಯರ ವಂತಿಗೆಯಲ್ಲಿ ವಾದ್ಯ ಕೊಳ್ಳುವ ತಂಡಗಳು ಎಡವುವುದು ಪರೀಕ್ಷೆಯಲ್ಲಿ. ಬಣ್ಣ ನೋಡಿ ಹಣ ಎಣಿಸುತ್ತಾರೆ. ಮೊದಲು ನೋಡಬೇಕಾದದ್ದು ನೆಕ್. ತಂತಿಯನ್ನು ಮೊದಲನೇ ಮತ್ತು ಕೊನೆಯ ಫ್ರೆಟ್‌ಗಳಲ್ಲಿ ಏಕಕಾಲಕ್ಕೆ ಒತ್ತಿದಾಗ ನಡುವೆ ವಿಸಿಟಿಂಗ್ ಕಾರ್ಡ್ ದಪ್ಪದಷ್ಟು ಸಂದಿ ಇರಬೇಕು. ಹೆಚ್ಚಿದ್ದರೆ ನೆಕ್ ಬಾಗಿದೆ. ಒಳಗಿನ ಟ್ರಸ್ ರಾಡ್ ತಿರುಗಿಸಿ ಇದನ್ನು ಸರಿಪಡಿಸಬಹುದು. ಆದರೆ ಸಮುದ್ರದ ಗಾಳಿ, ಮಳೆಗಾಲದ ತೇವದಲ್ಲಿ ವರ್ಷಗಟ್ಟಲೆ ಬಿದ್ದ ವಾದ್ಯದ ರಾಡ್ ತುಕ್ಕು ಹಿಡಿದು ಬಿಗಿದಿರಬಹುದು. ಅದು ತಿರುಗುತ್ತದೆಂದು ಮಾರುವವರೇ ಎದುರಲ್ಲಿ ತೋರಿಸಿಕೊಡಲಿ. ತಿರುಗದಿದ್ದರೆ ಎಷ್ಟು ಅಗ್ಗವಾದರೂ ಬೇಡ.

ಬಳಿಕ ‘ಬಿ’ ತಂತಿ. ಇದರ ಕಂಪನ ಸೆಕೆಂಡಿಗೆ ಸುಮಾರು 31. ‘ಇ’ ತಂತಿಯದು 41. ಅಂಗಡಿಯ ಪುಟ್ಟ ಆ್ಯಂಪ್‌ನಲ್ಲಿ ಈ ನಾದ ಪೂರ್ಣ ಕೇಳಿಸದು; ಸಾಧ್ಯವಾದರೆ ತಂಡದ ದೊಡ್ಡ ಸ್ಪೀಕರಿಗೆ ಹಚ್ಚಿ ಕೇಳಬೇಕು. ಐದನೇ ಫ್ರೆಟ್‌ನಲ್ಲಿ ‘ಬಿ’ ತಂತಿಯೂ ‘ಇ’ ಸ್ವರವನ್ನೇ ಕೊಡುತ್ತದೆ. ಅದನ್ನು ಪಕ್ಕದ ತೆರೆದ ‘ಇ’ ತಂತಿಯೊಂದಿಗೆ ಹೋಲಿಸಿದರೆ ಗುಟ್ಟು ರಟ್ಟಾಗುತ್ತದೆ. ಒಂದು ಸ್ಪಷ್ಟ, ಇನ್ನೊಂದು ಸಡಿಲ ಗೊರಗೊರ ಎಂದಾದರೆ ತಂತಿ ಹಳತಾಗಿರಬಹುದು. ಹೊಸ ತಂತಿ ಹಾಕಿಯೂ ಹಾಗೆಯೇ ಇದ್ದರೆ ಆ ವಾದ್ಯ ಬಿಟ್ಟುಬಿಡಬೇಕು. ನಾಬ್ ತಿರುಗಿಸುವಾಗಿನ ಕರಕರ ಸದ್ದು ಮಾತ್ರ ದೊಡ್ಡ ದೋಷವಲ್ಲ, ಅನೇಕ ಸಲ ಸ್ವಚ್ಛಗೊಳಿಸಿದರೆ ಹೋಗುತ್ತದೆ. ಚೌಕಾಸಿಗೆ ಅದು ಒಳ್ಳೆಯ ಕಾರಣವೂ ಹೌದು.

ಐದು ತಂತಿಯ ಫ್ಲ್ಯಾಟ್‌ವೂಂಡ್ ಸೆಟ್ ಸಾಮಾನ್ಯ ತಂತಿಗಿಂತ ದುಬಾರಿ. ಕೋಶಾಧಿಕಾರಿಗಳು ಆ ಮೊತ್ತವನ್ನು ಮೊದಲೇ ತೆಗೆದಿರಿಸಿ, ಉಳಿದದ್ದರಲ್ಲಿ ಬೆಲೆ ಮಾತಾಡುವುದು ಒಳಿತು. ಹಣ ಕೊಡುವ ಮುನ್ನ ನುಡಿಸುವವರು ವಾದ್ಯವನ್ನು ಹೆಗಲಿಗೇರಿಸಿ ಹದಿನೈದು ನಿಮಿಷ ನಿಂತು ನೋಡಲಿ. ರಸಮಂಜರಿ ಮೂರು ತಾಸಿನದ್ದು.